ಎಳೆಯರಿಗೆ ವ್ಯವಹಾರಗಣಿತ: ಅಳತೆಯರಿತ ಬಾಳಿನ ಮೊದಲ ಪಾಠ

ಗಳಿಕೆಯು ಕಾಯಕದಿಂದ ಬರಬೇಕು, ಮಿಕ್ಕುದು ದಾಸೋಹಕ್ಕೆ ಸಲ್ಲಬೇಕು ಎಂಬ ಮಾತನ್ನು ಕೇಳದ ಭಕ್ತರ ಮನೆಯಿಲ್ಲ. ಆದರೆ ಬಂದುದೆಷ್ಟು, ಬೇಕಾದುದೆಷ್ಟು, ಮಿಕ್ಕುದೆಷ್ಟು ಎಂಬುದನ್ನರಿಯದವನು ಈ ಎರಡು ತತ್ತ್ವಗಳನ್ನೂ ಆಚರಣೆಗೆ ತರಲಾರನು. ಕಾಯಕಕ್ಕೂ ದಾಸೋಹಕ್ಕೂ ನಡುವೆ ಲೆಕ್ಕವೆಂಬ ಒಂದು ಸೇತುವೆಯುಂಟು. ಆ ಸೇತುವೆಯನ್ನು ಎಳವೆಯಲ್ಲಿಯೇ ಕಟ್ಟಿಕೊಡಬೇಕು. ದೊಡ್ಡವರಾದ ಮೇಲೆ ಕಟ್ಟಹೊರಟರೆ ಅಷ್ಟರೊಳಗೆ ಸಾಲವೆಂಬ ಹೊಳೆ ತುಂಬಿ ಹರಿಯುತ್ತಿರುತ್ತದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನಬಳಕೆಯ ಹಣದ ಲೆಕ್ಕವನ್ನೂ ಆಯವ್ಯಯದ ಅಂದಾಜನ್ನೂ ಕಲಿಸುವ ಬಗೆ ಹೇಗೆಂಬುದು ಈ ಪಾಠದ ವಿಷಯ.

೧. ಲಕ್ಕಮ್ಮನ ಅಳತೆ

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ತಿಳಿದುದೇ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರಾದ ಇವರು ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳಿಸಿದಳು.

ಈ ಕಥೆಯಿಂದ ನಿರಾಶೆಯ ನೀತಿಯನ್ನು ತೆಗೆಯುವುದು ವಾಡಿಕೆ. ಅದು ಸರಿಯಾದುದೇ. ಆದರೆ ಕಥೆಯಲ್ಲಿ ಇನ್ನೊಂದು ಅಂಶ ಅಡಗಿದೆ. ತಂದ ಅಕ್ಕಿ ಹೆಚ್ಚಾಯಿತೆಂಬುದು ಲಕ್ಕಮ್ಮನಿಗೆ ತಿಳಿದುದು ಹೇಗೆ? ಇಂದು ಉಣ್ಣುವವರೆಷ್ಟು ಮಂದಿ, ಒಬ್ಬೊಬ್ಬರಿಗೆ ಬೇಕಾದ ಅಕ್ಕಿ ಎಷ್ಟು ಎಂಬ ಲೆಕ್ಕ ಅವಳಲ್ಲಿ ಮೊದಲೇ ಸಿದ್ಧವಾಗಿತ್ತು. ಅಳತೆಯನ್ನು ಅರಿಯದ ಮನೆಯಲ್ಲಿ ಹೆಚ್ಚೆಂಬುದೂ ಇಲ್ಲ, ಕಡಿಮೆಯೆಂಬುದೂ ಇಲ್ಲ. ಅಲ್ಲಿ ಬಂದುದೆಲ್ಲ ಸಾಲದೆಂದೇ ತೋರುತ್ತದೆ. ನಿರಾಶೆಗೂ ಮೊದಲು ಅಳತೆ ಬೇಕು. ಆಯವ್ಯಯದ ಅಂದಾಜು ಎಂದು ಇಂದು ನಾವು ಕರೆಯುವುದು ಇದನ್ನೇ.

ಶಂಕೆ: ಹೆಚ್ಚಾದುದನ್ನು ಹಿಂದಿರುಗಿಸುವುದೇ ಆದರ್ಶವಾದರೆ ಮಕ್ಕಳಿಗೆ ಉಳಿತಾಯವನ್ನು ಕಲಿಸುವುದು ಆ ಆದರ್ಶಕ್ಕೆ ವಿರುದ್ಧವಾಗುವುದಿಲ್ಲವೆ?

ಸಮಾಧಾನ: ಆಗುವುದಿಲ್ಲ. ಮಲೆನಾಡಿನ ಗೃಹಿಣಿಯು ಮಳೆಗಾಲಕ್ಕೆ ಮುನ್ನ ಸೌದೆ, ಅಕ್ಕಿ, ಉಪ್ಪು, ಹಪ್ಪಳ, ಉಪ್ಪಿನಕಾಯಿಗಳನ್ನು ಕೂಡಿಡುತ್ತಾಳೆ. ಅದನ್ನು ಯಾರೂ ಲೋಭವೆನ್ನುವುದಿಲ್ಲ. ಏಕೆಂದರೆ ಅದಕ್ಕೊಂದು ಕಾಲವುಂಟು, ಒಂದು ಅಳತೆಯುಂಟು. ಇಂದಿನ ಅಗತ್ಯದಂತೆಯೇ ಬರಲಿರುವ ನಾಲ್ಕು ತಿಂಗಳ ಅಗತ್ಯವೂ ಅಗತ್ಯವೇ ಆಗಿದೆ. ಯಾವುದಕ್ಕಾಗಿ, ಎಷ್ಟು, ಎಂದಿನವರೆಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರುವುದು ಉಳಿತಾಯ, ಉತ್ತರವಿಲ್ಲದುದು ಸಂಗ್ರಹ. ಈ ಭೇದವನ್ನು ಮಗುವಿಗೆ ತಿಳಿಸುವುದೇ ನಮ್ಮ ಪಾಠದ ಗುರಿ.

ಲೆಕ್ಕವು ಕೀಳು ಕೆಲಸವೆಂಬ ಭಾವನೆ ಯಾರಿಗಾದರೂ ಇದ್ದರೆ ಅವರು ನೆನೆಯಬೇಕಾದುದು ಬಸವಣ್ಣನವರನ್ನು. ಮಂಗಳವೇಡೆಯಲ್ಲಿ ಕರಣಿಕ ವೃತ್ತಿಯಿಂದ ತೊಡಗಿ ಬಿಜ್ಜಳನ ಭಂಡಾರಿಯ ಪದವಿಗೆ ಏರಿದರೆಂದು ಪರಂಪರೆ ಹೇಳುತ್ತದೆ. ಪರರ ಹಣವನ್ನು ಎಣಿಸುತ್ತಲೇ ಅದಕ್ಕೆ ಅಂಟದೆ ಇದ್ದ ಹಿರಿಯರು ಅವರು.

೨. ವ್ಯವಹಾರಗಣಿತದ ಕನ್ನಡ ಪರಂಪರೆ

ದಿನಬಳಕೆಯ ಲೆಕ್ಕವನ್ನು ಶಾಸ್ತ್ರವಾಗಿ ಕಲಿಸುವುದು ಕನ್ನಡ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರ ಹೊತ್ತಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅರ್ಥಶಾಸ್ತ್ರ, ಸಂಗೀತ, ನಾಟಕ, ವೈದ್ಯ, ವಾಸ್ತುವಿದ್ಯೆಗಳಲ್ಲಿ ಮಾತ್ರವಲ್ಲ, ಅಡುಗೆಯ ಶಾಸ್ತ್ರದಲ್ಲಿಯೂ ಗಣಿತವು ಬೇಕೆಂದು ಆ ಗ್ರಂಥದ ಆರಂಭದಲ್ಲಿಯೇ ಹೇಳಿದ್ದಾನೆ. ೧೨ನೆಯ ಶತಮಾನದಲ್ಲಿ, ಎಂದರೆ ಶರಣರ ಶತಮಾನದಲ್ಲಿಯೇ, ರಾಜಾದಿತ್ಯನು ಕನ್ನಡದಲ್ಲಿ ಗಣಿತಗ್ರಂಥಗಳನ್ನು ಬರೆದನು. ಅವುಗಳಲ್ಲಿ ಒಂದರ ಹೆಸರೇ 'ವ್ಯವಹಾರಗಣಿತ'. ಜನರ ಕೊಡುಕೊಳ್ಳುವಿಕೆಯ ಲೆಕ್ಕ ಜನರ ನುಡಿಯಲ್ಲಿಯೇ ಇರಬೇಕೆಂಬ ವಿವೇಕ ಆ ಕಾಲಕ್ಕೇ ಇದ್ದಿತೆಂಬುದಕ್ಕೆ ಇದು ಸಾಕ್ಷಿ.

ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಒಂದು, ಎರಡರ ಮಗ್ಗಿಗಳ ಜೊತೆಗೆ ಕಾಲು, ಅರೆ, ಮುಕ್ಕಾಲು, ಒಂದೂವರೆಗಳ ಮಗ್ಗಿಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಇದು ಬರಿಯ ಕಂಠಪಾಠದ ಗೀಳಲ್ಲ. ರೂಪಾಯಿಗೆ ೧೬ ಆಣೆ, ಆಣೆಗೆ ೪ ಪೈಸೆ, ಪೈಸೆಗೆ ೩ ಪೈ, ಹೀಗೆ ರೂಪಾಯಿಗೆ ೧೯೨ ಪೈಗಳಿದ್ದ ಕಾಲದಲ್ಲಿ ಕಾಲು ಮುಕ್ಕಾಲುಗಳ ಮಗ್ಗಿಯಿಲ್ಲದೆ ಅಂಗಡಿಯ ಮುಂದೆ ನಿಲ್ಲುವಂತಿರಲಿಲ್ಲ. ೧೯೫೭ನೆಯ ಏಪ್ರಿಲ್ ೧ರಂದು ದಶಮಾನ ನಾಣ್ಯ ಪದ್ಧತಿ ಜಾರಿಗೆ ಬಂದು ರೂಪಾಯಿಗೆ ೧೦೦ ನಯೇ ಪೈಸೆಯಾಯಿತು. ಆಗ ಒಂದಾಣೆಗೆ ಆರೂಕಾಲು ಪೈಸೆ ಬರಬೇಕಾದಲ್ಲಿ ಆರೇ ಪೈಸೆಯೆಂದೂ, ನಾಲ್ಕಾಣೆಗೆ ೨೫ ಪೈಸೆಯೆಂದೂ ಗೊತ್ತುಮಾಡಲಾಯಿತು. ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡವನು ೨೪ ಪೈಸೆ ಕೊಟ್ಟನು. ನಾಲ್ಕಾಣೆಯ ಸಾಮಾನನ್ನು ಒಮ್ಮೆಗೇ ಕೊಂಡವನು ೨೫ ಕೊಟ್ಟನು. ಈ ವ್ಯತ್ಯಾಸ ಹೇಗೆ ಬಂದಿತೆಂದು ಇಂದಿನ ಐದನೆಯ ತರಗತಿಯ ಮಗುವನ್ನು ಕೇಳಿದರೆ ಭಿನ್ನರಾಶಿಯ ಒಂದು ಸೊಗಸಾದ ಪಾಠವಾಗುತ್ತದೆ. ೨೫ ಪೈಸೆಯ ನಾಣ್ಯದ ಚಲಾವಣೆ ೨೦೧೧ರಲ್ಲಿ ನಿಂತಿತು. ಆದರೂ ನಾಲ್ಕಾಣೆ, ಎಂಟಾಣೆ ಎಂಬ ಮಾತುಗಳು ಅಜ್ಜಿಯರ ಬಾಯಲ್ಲಿ ಉಳಿದಿವೆ.

೩. ಅಂಗಡಿಯ ಲೆಕ್ಕ ಮತ್ತು ಪಾಟಿಯ ಲೆಕ್ಕ

ಪರಸ್ಥಳದ ಒಂದು ಪ್ರಯೋಗ ಇಲ್ಲಿ ಉಪಯುಕ್ತವಾಗಿದೆ. ಬ್ರೆಜಿಲ್ ದೇಶದ ರೆಸಿಫೆ ಎಂಬ ನಗರದಲ್ಲಿ ಬೀದಿಯಲ್ಲಿ ಮಾರಾಟಮಾಡುವ ಐವರು ಮಕ್ಕಳನ್ನು ಮೂವರು ವಿದ್ವಾಂಸರು ಪರೀಕ್ಷಿಸಿ ೧೯೮೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವ್ಯಾಪಾರದ ನಡುವೆ ಬಾಯಿಂದ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳು ನೂರಕ್ಕೆ ೯೮ರಷ್ಟನ್ನು ಸರಿಯಾಗಿ ಹೇಳಿದರು. ಅವೇ ಬಗೆಯ ಲೆಕ್ಕಗಳನ್ನು ಬರಿಯ ಅಂಕೆಗಳಾಗಿ ಬರೆದುಕೊಟ್ಟಾಗ ನೂರಕ್ಕೆ ೩೭ರಷ್ಟು ಮಾತ್ರ ಸರಿಬಂದವು. ೧೨ ವರುಷದ ಹುಡುಗನೊಬ್ಬನು ತೆಂಗಿನಕಾಯಿ ಮಾರುತ್ತಿದ್ದನು, ಕಾಯಿಗೆ ೩೫. ಹತ್ತು ಕಾಯಿಗೆ ಎಷ್ಟೆಂದು ಕೇಳಿದರೆ, ಮೂರಕ್ಕೆ ೧೦೫, ಇನ್ನು ಮೂರು ಕೂಡಿ ೨೧೦, ಇನ್ನು ಮೂರು ಕೂಡಿ ೩೧೫, ಉಳಿದ ಒಂದು ಸೇರಿ ೩೫೦ ಎಂದು ಮನಸ್ಸಿನಲ್ಲಿಯೇ ಎಣಿಸಿದನು. ಅದೇ ಹುಡುಗನು ಕಾಗದದ ಮೇಲೆ ೩೫ನ್ನು ೪ರಿಂದ ಗುಣಿಸುವಾಗ, ನಾಲ್ಕೈದಲಿ ೨೦, ದಶಕ ೨, ಎರಡೂ ಮೂರೂ ಐದು, ಐದುನಾಲ್ಕಲಿ ೨೦ ಎಂದು ೨೦೦ ಬರೆದನು. ಮೂರು ಕಾಯಿಗೆ ೧೦೫ ಎಂದು ಬಲ್ಲವನು ನಾಲ್ಕು ಕಾಯಿಗೆ ೨೦೦ ಎಂದು ಬರೆದನೆಂಬುದನ್ನು ಗಮನಿಸಬೇಕು. ಬರೆದ ಕೈಗೂ ಎಣಿಸಿದ ಮನಸ್ಸಿಗೂ ಪರಿಚಯವೇ ಇರಲಿಲ್ಲ.

ನಮ್ಮ ದೇಶದಲ್ಲಿಯೂ ಸ್ಥಿತಿ ಬೇರೆಯಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ವಿದ್ವಾಂಸರು ಕೋಲ್ಕತ್ತ ಮತ್ತು ದಿಲ್ಲಿಗಳಲ್ಲಿ ನಡೆಸಿದ ಪರೀಕ್ಷೆಯ ಫಲ ೨೦೨೫ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳು ಕಠಿಣವಾದ ವ್ಯಾಪಾರದ ಲೆಕ್ಕವನ್ನು ಬಾಯಲ್ಲಿ ಮಾಡಿದರೂ ಪಠ್ಯಪುಸ್ತಕದ ಸುಲಭ ಲೆಕ್ಕದಲ್ಲಿ ಎಡವಿದರು. ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಮೇಲಾದರೂ ಅಂಗಡಿಯ ಲೆಕ್ಕದಲ್ಲಿ ಸೋತರು. ಎರಡು ವಿದ್ಯೆಗಳೂ ಪ್ರತ್ಯೇಕವಾಗಿ ಬೆಳೆದರೆ ಎರಡೂ ಅರ್ಧವಾಗಿಯೇ ನಿಲ್ಲುತ್ತವೆ. ಒಂದರಿಂದ ಇನ್ನೊಂದಕ್ಕೆ ದಾರಿ ಮಾಡಿಕೊಡುವುದು ಗುರುವಿನ ಕಾಯಕ. ಬಾಯಲ್ಲಿ ಮಾಡಿದುದನ್ನು ಪಾಟಿಯ ಮೇಲೆ ಬರೆಯಿಸಬೇಕು. ಪಾಟಿಯ ಮೇಲೆ ಬಂದ ಉತ್ತರ ಅಂಗಡಿಯಲ್ಲಿ ಒಪ್ಪತಕ್ಕದ್ದೇ ಎಂದು ಕೇಳಬೇಕು. 'ಮೂರಕ್ಕೆ ೧೦೫ ಆದರೆ ನಾಲ್ಕಕ್ಕೆ ೨೦೦ ಆದೀತೆ?' ಎಂಬ ಒಂದು ಪ್ರಶ್ನೆ ನೂರು ತಪ್ಪುಗಳನ್ನು ತಡೆಯುತ್ತದೆ.

೪. ಚಂದಗುಳಿಯಂತಹ ಊರಿನಲ್ಲಿ

ಇದಕ್ಕೆ ದುಬಾರಿ ಸಲಕರಣೆ ಬೇಡ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿನ ಚಂದಗುಳಿಯನ್ನೇ ತೆಗೆದುಕೊಳ್ಳಬಹುದು. ಕಾಡು ತೋಟಗಳ ನಡುವಿನ ಈ ಊರಿನ ಸಿದ್ಧಿವಿನಾಯಕನನ್ನು ಜನರು ಘಂಟೆ ಗಣಪತಿಯೆಂದು ಕರೆಯುವರು. ಹರಕೆ ಕೈಗೂಡಿದವರು ಬಂದು ಅಲ್ಲಿ ಘಂಟೆಯನ್ನು ಕಟ್ಟುವರು. ಹೀಗೆ ಕಟ್ಟಿದ ಸಣ್ಣ ದೊಡ್ಡ ಘಂಟೆಗಳು ದೇವಾಲಯದಲ್ಲಿ ಸಾಲುಸಾಲಾಗಿ ತೂಗುತ್ತವೆ. ಅಲ್ಲಿಯ ಮಗುವಿಗೆ ಘಂಟೆಯೇ ಗಣಿತದ ಸಲಕರಣೆ. ಒಂದು ಘಂಟೆಯ ಬೆಲೆ ೬೦೦ ರೂಪಾಯಿಯೆಂದಿಟ್ಟುಕೊಂಡು, ಮನೆಯವರು ತಿಂಗಳಿಗೆ ೫೦ ರೂಪಾಯಿ ತೆಗೆದಿಟ್ಟರೆ ಹರಕೆ ತೀರುವುದೆಂದು ಎಂದು ಕೇಳಿದರೆ, ಭಾಗಾಕಾರವೂ ಬಂದಿತು, ಗುರಿಯಿಟ್ಟು ಉಳಿಸುವ ಬಗೆಯೂ ಬಂದಿತು. ಸಾಲ ತಂದು ಈ ತಿಂಗಳೇ ತೀರಿಸುವುದೋ, ೧೨ ತಿಂಗಳು ಕೂಡಿಸಿ ತೀರಿಸುವುದೋ ಎಂಬ ವಿಚಾರಕ್ಕೂ ಎಡೆಯಾಯಿತು.

ಶಾಲೆಯ ಅಡುಗೆಮನೆ ಇನ್ನೊಂದು ಪಾಠಶಾಲೆ. ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ೨೦೦೨ರಲ್ಲಿ ಆರಂಭವಾಗಿ ಬಳಿಕ ಎಲ್ಲೆಡೆ ಹಬ್ಬಿದ ಮಧ್ಯಾಹ್ನದ ಊಟದ ಯೋಜನೆಗೆ 'ಅಕ್ಷರ ದಾಸೋಹ'ವೆಂದೇ ಹೆಸರು. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ ೧೦೦ ಗ್ರಾಂ, ಆರರಿಂದ ಎಂಟನೆಯ ತರಗತಿಯ ಮಗುವಿಗೆ ೧೫೦ ಗ್ರಾಂ ಧಾನ್ಯವೆಂದು ಅಲ್ಲಿ ಅಳತೆಯುಂಟು. ಇಂದು ಬಂದವರೆಷ್ಟು ಮಂದಿ, ಬೇಕಾದ ಅಕ್ಕಿ ಎಷ್ಟು ಎಂಬುದನ್ನು ಪ್ರತಿದಿನ ಒಬ್ಬ ಮಗು ಹಲಗೆಯ ಮೇಲೆ ಬರೆಯಲಿ. ಲಕ್ಕಮ್ಮನು ಮಾಡಿದ ಲೆಕ್ಕವೇ ಇದು. ಮಗುವಿಗೆ ಕಥೆಯೂ ಗಣಿತವೂ ಒಂದಾಗಿ ಕಾಣುತ್ತವೆ.

೫. ತರಗತಿಗೆ ತಕ್ಕ ಕ್ರಮ

ಒಂದನೆಯ ಮತ್ತು ಎರಡನೆಯ ತರಗತಿಗಳಲ್ಲಿ ನಾಣ್ಯ ನೋಟುಗಳ ಪರಿಚಯ ಮೊದಲಾಗಬೇಕು. ಎಳೆಯ ಮಗುವಿಗೆ ಐದು ಒಂದು ರೂಪಾಯಿಗಳ ನಾಣ್ಯಗಳು ಒಂದು ಐದು ರೂಪಾಯಿಯ ನಾಣ್ಯಕ್ಕಿಂತ ಹೆಚ್ಚೆಂದು ತೋರುವುದು ಸಹಜ. ಅದು ಎಣಿಸುವುದು ಬಿಲ್ಲೆಗಳನ್ನು, ಬೆಲೆಯನ್ನಲ್ಲ. ಬಿಲ್ಲೆ ಬೇರೆ, ಬೆಲೆ ಬೇರೆ ಎಂಬುದು ನಾಟುವವರೆಗೆ ಮುಂದೆ ಸಾಗಬಾರದು. ೧, ೨, ೫, ೧೦ ರೂಪಾಯಿಯ ನಾಣ್ಯಗಳಿಂದ ಹತ್ತು ರೂಪಾಯಿಯನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದೆಂದು ಆಟವಾಡಿಸಬೇಕು. ಒಟ್ಟು ೧೧ ಬಗೆಗಳುಂಟು. ಮಕ್ಕಳು ಐದಾರನ್ನು ಬೇಗ ಹೇಳುವರು. ಉಳಿದವನ್ನು ತಪ್ಪಿಸದೆ ಹುಡುಕಲು ಒಂದು ಕ್ರಮ ಬೇಕೆಂಬುದು ಅವರಿಗೇ ತಿಳಿಯುವುದು.

ಮೂರನೆಯ ತರಗತಿಯಲ್ಲಿ ಚಿಲ್ಲರೆ ಕೊಡುವುದನ್ನು ಕಲಿಸಬೇಕು. ೧೦೦ ರೂಪಾಯಿ ಕೊಟ್ಟು ೩೭ ರೂಪಾಯಿಯ ಸಾಮಾನು ಕೊಂಡರೆ, ದಶಕ ತಂದು ಕಳೆಯುವ ಬರವಣಿಗೆಯಲ್ಲಿ ಎರಡು ಸೊನ್ನೆಗಳನ್ನು ಕಂಡು ಮಗು ತಡವರಿಸುತ್ತದೆ. ಹಳೆಯ ಅಂಗಡಿಕಾರನು ಕಳೆಯುವುದೇ ಇಲ್ಲ, ಕೂಡುತ್ತ ಹೋಗುತ್ತಾನೆ: ೩೭ಕ್ಕೆ ೩ ಕೊಟ್ಟರೆ ೪೦, ಅದಕ್ಕೆ ೬೦ ಕೊಟ್ಟರೆ ೧೦೦, ಕೊಟ್ಟ ಚಿಲ್ಲರೆ ೬೩. ಈ ಕ್ರಮವನ್ನು ಮೊದಲು ಕಲಿಸಿ, ಆಮೇಲೆ ಬರವಣಿಗೆಯ ಕಳೆಯುವಿಕೆಯಿಂದ ಅದೇ ೬೩ ಬರುವುದನ್ನು ತೋರಿಸಬೇಕು.

ನಾಲ್ಕನೆಯ ತರಗತಿಯಲ್ಲಿ ತೂಕ ಮತ್ತು ಬೆಲೆಗಳ ಸಂಬಂಧ: ಕಿಲೋಗೆ ೪೮ ರೂಪಾಯಿಯಾದರೆ ಕಾಲು ಕಿಲೋಗೆ ಎಷ್ಟು? ಕಾಲು ಅರೆ ಮುಕ್ಕಾಲುಗಳ ಹಳೆಯ ಮಗ್ಗಿ ಇಲ್ಲಿ ಮತ್ತೆ ನೆರವಾಗುತ್ತದೆ. ಅಂಗಡಿಯ ಚೀಟಿಯನ್ನು ಓದಿ ಕೂಡಿ ನೋಡುವ ಅಭ್ಯಾಸವೂ ಇಲ್ಲಿಯೇ ಆಗಬೇಕು. ಐದನೆಯ ತರಗತಿಗೆ ಬರುವ ಹೊತ್ತಿಗೆ ಲಾಭ ನಷ್ಟ, ಬಡ್ಡಿ, ಆಯವ್ಯಯದ ಅಂದಾಜು ಇವು ಸಾಧ್ಯವಾಗುತ್ತವೆ.

೬. ಮಕ್ಕಳ ಸಂತೆ

ಈಚಿನ ವರುಷಗಳಲ್ಲಿ ಕರ್ನಾಟಕದ ಅನೇಕ ಸರಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳು ನಡೆಯುತ್ತಿವೆ. ಮಕ್ಕಳು ಮನೆಯಿಂದ ಸೊಪ್ಪು, ಕಾಯಿಪಲ್ಯೆ, ಹಣ್ಣು, ತಿನಿಸುಗಳನ್ನು ತಂದು ಶಾಲೆಯ ಅಂಗಳದಲ್ಲಿ ಮಾರುವರು. ತಂದೆತಾಯಿಯರು ಬಂದು ಕೊಳ್ಳುವರು. ಇದು ಪ್ರಶಂಸನೀಯವಾದ ಉದ್ಯಮ. ಆದರೆ ಸಂತೆಯ ದಿನದ ಗದ್ದಲದಲ್ಲಿ ಆಗುವ ಪಾಠ ಅರ್ಧ ಮಾತ್ರ. ಉಳಿದರ್ಧ ಮರುದಿನ ಲೆಕ್ಕಕ್ಕೆ ಕುಳಿತಾಗ ಆಗತಕ್ಕದ್ದು. ಅದನ್ನು ಬಿಟ್ಟರೆ ಸಂತೆಯು ಉತ್ಸವವಾಗಿ ಮುಗಿಯುತ್ತದೆ.

ಒಬ್ಬ ಬಾಲಿಕೆಯು ಹರಿವೆಸೊಪ್ಪಿನ ೨೦ ಕಟ್ಟುಗಳನ್ನು ತಂದಳೆನ್ನೋಣ. ಕಟ್ಟಿಗೆ ೧೦ ರೂಪಾಯಿಯಂತೆ ೧೬ ಕಟ್ಟು ಮಾರಿದಳು. ಹೊತ್ತು ಏರಿ ಸೊಪ್ಪು ಬಾಡತೊಡಗಲು ಉಳಿದ ನಾಲ್ಕನ್ನು ಐದೈದು ರೂಪಾಯಿಗೆ ಕೊಟ್ಟಳು. ೧೬೦ಕ್ಕೆ ೨೦ ಸೇರಿ ೧೮೦ ರೂಪಾಯಿ ಬಂದಿತು. ಲಾಭವೆಷ್ಟೆಂದು ಕೇಳಿದರೆ ೧೮೦ ಎನ್ನುವಳು. ಮನೆಯಿಂದ ತಂದುದಕ್ಕೆ ಬೆಲೆಯೆಲ್ಲಿ ಎಂಬುದು ಅವಳ ಎಣಿಕೆ. ಇಲ್ಲಿ ಗುರುವು ನಿಲ್ಲಿಸಿ ಕೇಳಬೇಕು. ಬೀಜ ಗೊಬ್ಬರಗಳಿಗೆ ಏನೂ ಆಗಲಿಲ್ಲವೆ? ಮಡಿಮಾಡಿ, ನೀರೆರೆದು, ಕಳೆ ಕಿತ್ತು, ಬೆಳಗಿನ ಜಾವ ಕೊಯ್ದು ಕಟ್ಟಿದವರು ಯಾರು? ಆ ದುಡಿತ ಬೇರೊಬ್ಬರ ತೋಟದಲ್ಲಾಗಿದ್ದರೆ ಕೂಲಿ ಬರುತ್ತಿರಲಿಲ್ಲವೆ? ಬೀಜ ಗೊಬ್ಬರಗಳಿಗೆ ೪೦, ತಾಯಿಯ ದುಡಿತಕ್ಕೆ ೮೦ ಎಂದು ಹಿಡಿದರೆ ಮೂಲವೆಚ್ಚ ೧೨೦. ನಿಜವಾದ ಲಾಭ ೬೦.

ಇದು ಬರಿಯ ಲೆಕ್ಕದ ತಿದ್ದುಪಡಿಯಲ್ಲ. ತಾಯಿಯ ದುಡಿತವನ್ನು ಸೊನ್ನೆಯೆಂದು ಬರೆಯುವುದನ್ನು ಹತ್ತು ವರುಷದ ಮಗು ಶಾಲೆಯಲ್ಲಿ ಕಲಿತರೆ, ಮುಂದೆ ಗೃಹಸ್ಥನಾದಾಗ ಹೆಂಡತಿಯ ದುಡಿತವನ್ನೂ ಆಳಿನ ಬೆವರನ್ನೂ ಸೊನ್ನೆಯೆಂದೇ ಬರೆಯುವನು. ಎಲ್ಲ ಕಾಯಕವೂ ಸಮವೆಂದು ಸಾರಿದ ಧರ್ಮದಲ್ಲಿ ಹುಟ್ಟಿದವರು ಕಾಯಕಕ್ಕೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲನ್ನೂ ಕೊಡದಿರುವುದು ಸಲ್ಲದು.

೭. ಆಯವ್ಯಯದ ಅಂದಾಜು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆಯ ಸೀಮೆಯಲ್ಲಿ ಗೃಹಸ್ಥನ ಸಂಕಟ ಒಂದು ವಿಶೇಷ ಬಗೆಯದು. ಆದಾಯ ಬರುವುದು ಕೊಯ್ಲಿನ ಬಳಿಕ, ವರುಷಕ್ಕೆ ಒಂದೆರಡು ಸಲ. ವೆಚ್ಚವಾದರೋ ಮುನ್ನೂರ ಅರುವತ್ತೈದು ದಿನವೂ ಇದೆ. ಕೈತುಂಬ ಹಣ ಬಂದ ತಿಂಗಳಲ್ಲಿ ಎಲ್ಲವೂ ಅಗತ್ಯವೆಂದು ತೋರುತ್ತದೆ, ಶ್ರಾವಣದ ಹೊತ್ತಿಗೆ ಅಕ್ಕಿಗೂ ಉದ್ರಿಯಾಗುತ್ತದೆ. ಈ ತೊಡಕನ್ನು ನಿವಾರಿಸಲೆಂದೇ ಹಿರಿಯರು ಸಹಕಾರದ ದಾರಿ ಹಿಡಿದರು. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಶಿರಸಿಯಲ್ಲಿ ೧೯೨೩ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು. ಬೆಳೆಯನ್ನು ಸಂಘಕ್ಕೊಪ್ಪಿಸಿ, ಬಂದ ಹಣವನ್ನು ಖಾತೆಯಲ್ಲಿಟ್ಟು, ವರುಷವಿಡೀ ಬೇಕಾದಷ್ಟನ್ನೇ ತೆಗೆಯುವ ರೂಢಿ ಎಷ್ಟೋ ಮನೆಗಳನ್ನು ಉಳಿಸಿದೆ.

ಇದನ್ನು ಮಗುವಿನ ಅಳತೆಗೆ ಇಳಿಸಬಹುದು. ಅಜ್ಜನು ಕೊಯ್ಲಿನ ದಿನ ಮೊಮ್ಮಗನಿಗೆ ೧೨೦ ರೂಪಾಯಿ ಕೊಟ್ಟು, ಮುಂದಿನ ಕೊಯ್ಲಿನವರೆಗೆ ಇದೇ ನಿನ್ನ ಪೆನ್ಸಿಲು ಮಿಠಾಯಿಗಳ ಹಣವೆಂದನು. ತಿಂಗಳಿಗೆ ೧೦ ರೂಪಾಯಿ ಬಂದಿತು. ಮೊದಲ ಎರಡೇ ತಿಂಗಳಲ್ಲಿ ೬೦ ರೂಪಾಯಿ ಖರ್ಚಾದರೆ ಉಳಿದ ೬೦ ರೂಪಾಯಿಯನ್ನು ಹತ್ತು ತಿಂಗಳಿಗೆ ಹಂಚಬೇಕು. ತಿಂಗಳಿಗೆ ೬ ರೂಪಾಯಿ. ಈ ಆರನ್ನು ಹಲಗೆಯ ಮೇಲೆ ಕಂಡ ಮಗು ತನ್ನ ತಂದೆಯ ಮಳೆಗಾಲದ ಚಿಂತೆಯನ್ನು ಅರ್ಥಮಾಡಿಕೊಳ್ಳುತ್ತದೆ.

ಬರೆಯುವ ಕ್ರಮ ಸರಳವಾಗಿರಲಿ. ಹಳೆಯ ಕಿರ್ದಿ ಪುಸ್ತಕದಂತೆ ಮೂರು ಕಂಬಗಳು ಸಾಕು: ಜಮೆ, ಖರ್ಚು, ಶಿಲ್ಕು. ದಿನದ ಕೊನೆಗೆ ಪುಸ್ತಕದ ಶಿಲ್ಕು ಡಬ್ಬಿಯಲ್ಲಿರುವ ಹಣಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ಮಗುವನ್ನು ಗದರಿಸಕೂಡದು. ಗದರಿಸಿದರೆ ಅದು ಮರುದಿನ ಅಂಕೆಯನ್ನು ತಿದ್ದಿ ತರುವುದು. ಎರಡು ರೂಪಾಯಿ ಎಲ್ಲಿ ಹೋಯಿತೆಂದು ಕೂಡಿ ಹುಡುಕಿ, ಸಿಗದಿದ್ದರೆ 'ಮರೆತುದು ೨ ರೂಪಾಯಿ' ಎಂದು ಬರೆಯಿಸಬೇಕು. ಇರುವುದನ್ನು ಇದ್ದಂತೆ ಬರೆಯುವುದೇ ಲೆಕ್ಕದ ಧರ್ಮ.

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರುಷಕ್ಕೊಮ್ಮೆ ಬರುತ್ತದೆ. ಆ ಸೀಮೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ಉಳಿತಾಯದ ಗುರಿ ಯಾವುದು? ತೊಟ್ಟಿಲಿಗೆಷ್ಟು, ಬೆಂಡುಬತ್ತಾಸಿಗೆಷ್ಟು, ತಂಗಿಯ ಬಳೆಗೆಷ್ಟು, ಬೇಡುವವನ ಕೈಗೆಷ್ಟು ಎಂದು ಹೋಗುವ ಮುನ್ನವೇ ಬರೆದು, ಬಂದ ಮೇಲೆ ಆದುದನ್ನು ಪಕ್ಕದಲ್ಲಿ ಬರೆಯಲಿ. ಎರಡು ಸಾಲುಗಳ ನಡುವಣ ಅಂತರವೇ ಪಾಠ. ಕೊಡುವುದಕ್ಕೂ ಮೊದಲೇ ಒಂದು ಸಾಲು ಇರುವುದು ಮುಖ್ಯ. ಉಳಿದರೆ ಕೊಡುವೆನೆಂದವನಲ್ಲಿ ಉಳಿಯುವುದೇ ಅಪರೂಪ.

ಸಣ್ಣ ಹಣದ ಶಕ್ತಿಗೆ ಕರಾವಳಿಯ ಒಂದು ನಿದರ್ಶನವುಂಟು. ಉಡುಪಿಯಲ್ಲಿ ಟಿ. ಎಂ. ಎ. ಪೈ ಮೊದಲಾದವರು ಸ್ಥಾಪಿಸಿದ ಬ್ಯಾಂಕು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿತು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಎರಡಾಣೆಯಂತೆ ವರುಷದ ೩೬೫ ದಿನಕ್ಕೆ ೭೩೦ ಆಣೆ, ಎಂದರೆ ೪೫ ರೂಪಾಯಿ ೧೦ ಆಣೆ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಸಿಂಡಿಕೇಟ್ ಬ್ಯಾಂಕೆಂದು ಬೆಳೆದ ಆ ಸಂಸ್ಥೆ ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಬಡ್ಡಿಯ ಪಾಠವನ್ನು ಪ್ರಾಥಮಿಕ ಹಂತದಲ್ಲಿಯೇ ಮುಟ್ಟಿಸಬೇಕು. 'ನೂರಕ್ಕೆ ತಿಂಗಳಿಗೆ ಎರಡೇ ರೂಪಾಯಿ' ಎಂಬ ಮಾತು ಕಿವಿಗೆ ಹಗುರ. ವರುಷಕ್ಕೆ ಅದು ೨೪ ರೂಪಾಯಿ. ಹತ್ತು ಸಾವಿರದ ಸಾಲಕ್ಕೆ ವರುಷಕ್ಕೆ ೨,೪೦೦. ನಾಲ್ಕು ವರುಷ ಎರಡು ತಿಂಗಳಲ್ಲಿ ಬಡ್ಡಿಯೇ ಅಸಲಿಗೆ ಸಮವಾಗುತ್ತದೆ, ಅಸಲು ಹಾಗೆಯೇ ಉಳಿದಿರುತ್ತದೆ. ಮದುವೆಯ ಆಡಂಬರಕ್ಕೆಂದು ಮಾಡಿದ ಸಾಲ ಎಷ್ಟು ಮನೆಗಳ ತೋಟವನ್ನು ನುಂಗಿತೆಂಬುದನ್ನು ಹಿರಿಯರು ಕಂಡಿದ್ದಾರೆ. ಗುಣಾಕಾರ ಬಲ್ಲ ಮಗುವಿಗೆ ಈ ಲೆಕ್ಕ ಅರ್ಥವಾಗುತ್ತದೆ.

೮. ಮೂರು ಎಚ್ಚರಿಕೆಗಳು

ಮೊದಲನೆಯದು: ಪಾಠಕ್ಕಾಗಿ ಮಗುವಿನ ಮನೆಯ ಆದಾಯವನ್ನು ತರಗತಿಯಲ್ಲಿ ಕೇಳಕೂಡದು. ತೋಟದವರ ಮಗುವೂ ತೋಟದಲ್ಲಿ ದುಡಿಯುವವರ ಮಗುವೂ ಒಂದೇ ಚಾಪೆಯ ಮೇಲೆ ಕುಳಿತಿರುತ್ತವೆ. ಒಂದು ಕಲ್ಪಿತ ಕುಟುಂಬವನ್ನು ಹಲಗೆಯ ಮೇಲೆ ಸೃಷ್ಟಿಸಿ ಎಲ್ಲರೂ ಅದರ ಲೆಕ್ಕವನ್ನು ಮಾಡಲಿ. ಯಾವ ಮಗುವೂ ತನ್ನ ಬಡತನವನ್ನು ಅಂಕೆಯಾಗಿ ಹೇಳಬೇಕಾದ ಸ್ಥಿತಿ ಬರಬಾರದು.

ಎರಡನೆಯದು: ಹಣವು ಕಣ್ಣಿಗೆ ಕಾಣದ ಕಾಲವಿದು. ೨೦೧೬ರಲ್ಲಿ ಯುಪಿಐ ಬಂದ ಮೇಲೆ ಹಳ್ಳಿಯ ಅಂಗಡಿಯಲ್ಲಿಯೂ ಮೊಬೈಲಿನ ಚೌಕಚಿತ್ರ ತೂಗುತ್ತಿದೆ. ತಾಯಿ ಬೆರಳಾಡಿಸಿದಳು, ಸಾಮಾನು ಬಂದಿತು. ಕೊಟ್ಟುದೆಷ್ಟು, ಉಳಿದುದೆಷ್ಟು ಎಂಬುದು ಮಗುವಿಗೆ ತಿಳಿಯದು. ಹಣವೆಂದರೆ ತೀರದ ಊಟೆಯೆಂದೇ ಅದು ಭಾವಿಸುತ್ತದೆ. ಆದುದರಿಂದ ವಾರಕ್ಕೊಮ್ಮೆಯಾದರೂ ಮಗುವಿನ ಕೈಯಲ್ಲಿ ನೋಟು ನಾಣ್ಯಗಳನ್ನು ಕೊಟ್ಟು ಅಂಗಡಿಗೆ ಕಳಿಸಬೇಕು. ಮೊಬೈಲಿನಿಂದ ಕೊಟ್ಟ ದಿನ ಮೊದಲಿದ್ದ 'ಶಿಲ್ಕು' ಎಷ್ಟು, ಈಗ ಎಷ್ಟು ಎಂದು ಓದಿಸಬೇಕು.

ಮೂರನೆಯದು: ಹಣದ ಮಾತಿನಿಂದ ಮಕ್ಕಳು ಹಣದಾಸೆಯವರಾಗುವರೆಂಬ ಭಯ ಕೆಲವರಿಗುಂಟು. ಹಣವನ್ನು ಗುಟ್ಟು ಮಾಡಿದಲ್ಲಿಯೇ ಆಸೆ ಬೆಳೆಯುವುದು. ಆದರೆ ಮನೆಯ ಸಣ್ಣ ಕೆಲಸಕ್ಕೆಲ್ಲ ಮಗುವಿಗೆ ಕೂಲಿ ಕೊಡುವ ಪದ್ಧತಿ ಒಳ್ಳೆಯದಲ್ಲ. ತಾಯಿಯ ದುಡಿತಕ್ಕೆ ಬೆಲೆಯುಂಟೆಂದು ಅರಿಯುವುದು ಬೇರೆ, ತಾಯಿಗೆ ನೀರು ಕೊಟ್ಟುದಕ್ಕೆ ಬೆಲೆ ಕೇಳುವುದು ಬೇರೆ. ಮೊದಲನೆಯದು ಲೆಕ್ಕ, ಎರಡನೆಯದು ಲೋಭ.

೯. ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಗೃಹಸ್ಥರು ಈ ಕೆಳಗಿನ ಲೆಕ್ಕಗಳನ್ನು ಮಕ್ಕಳೊಡನೆ ಕುಳಿತು ಮಾಡಬಹುದು.

(೧) ೨೦ ರೂಪಾಯಿ ಕೊಟ್ಟು ೧೩ ರೂಪಾಯಿಯ ಬೆಲ್ಲ ಕೊಂಡರೆ ಬರುವ ಚಿಲ್ಲರೆ ಎಷ್ಟು? ಅದನ್ನು ಎಲ್ಲಕ್ಕಿಂತ ಕಡಿಮೆ ನಾಣ್ಯಗಳಲ್ಲಿ ಕೊಡುವುದು ಹೇಗೆ?

(೨) ಐದನೆಯ ತರಗತಿಯವರೆಗಿನ ೪೬ ಮಕ್ಕಳು ಬಂದ ದಿನ ಅಕ್ಷರ ದಾಸೋಹಕ್ಕೆ ಬೇಕಾದ ಅಕ್ಕಿ ಎಷ್ಟು?

(೩) ೬೦೦ ರೂಪಾಯಿಯ ಘಂಟೆಗೆ ವಾರಕ್ಕೆ ೧೫ ರೂಪಾಯಿ ಉಳಿಸಿದರೆ ಎಷ್ಟು ವಾರ ಬೇಕು?

(೪) ತಿಂಗಳಿಗೆ ನೂರಕ್ಕೆ ೩ ರೂಪಾಯಿಯಂತೆ ೫೦೦ ರೂಪಾಯಿಗೆ ಎಂಟು ತಿಂಗಳ ಬಡ್ಡಿ ಎಷ್ಟು?

(೫) ಈ ವಾರ ಮನೆಗೆ ಬಂದ ಸಾಮಾನುಗಳಲ್ಲಿ ಬೇಕಾಗಿ ತಂದುದು ಯಾವುದು, ಕಂಡುದರಿಂದ ತಂದುದು ಯಾವುದು? ಎರಡನೆಯದರ ಮೊತ್ತವನ್ನು ಕೂಡಿ, ಆ ಹಣದಿಂದ ಎಷ್ಟು ಮಂದಿಗೆ ಒಂದು ಹೊತ್ತಿನ ಊಟವಾಗುತ್ತಿತ್ತೆಂದು ಲೆಕ್ಕ ಹಾಕಿರಿ.

ಮೊದಲ ನಾಲ್ಕಕ್ಕೆ ಉತ್ತರ ಎಲ್ಲ ಮನೆಗಳಲ್ಲಿಯೂ ಒಂದೇ: ೭ ರೂಪಾಯಿ, ಐದರದೊಂದು ಎರಡರದೊಂದು, ೪ ಕಿಲೋ ೬೦೦ ಗ್ರಾಂ, ೪೦ ವಾರ, ೧೨೦ ರೂಪಾಯಿ. ಐದನೆಯದರ ಉತ್ತರ ಮನೆಮನೆಗೆ ಬೇರೆ. ಅದನ್ನು ಮಕ್ಕಳ ಎದುರಿಗೆ ಪ್ರಾಮಾಣಿಕವಾಗಿ ಬರೆಯುವ ಧೈರ್ಯ ತಂದೆತಾಯಿಯರಿಗೆ ಬೇಕು. ಮಕ್ಕಳು ಕಲಿಯುವುದು ನಾವು ಹೇಳಿದ ಲೆಕ್ಕದಿಂದಲ್ಲ, ನಾವು ಬರೆದ ಲೆಕ್ಕದಿಂದ.